ಹಿತ್ತಾಳೆ ತೋಟಾದ ಲೆಕ್ಕ

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಮುಚ್ಚಳ ತೆಗೆದರೆ ಸುಟ್ಟ ಮದ್ದಿನ ವಾಸನೆ ಇಂದಿಗೂ ಸಣ್ಣಗೆ ಮೂಗಿಗೆ ಬಡಿಯುತ್ತದೆ. ಒಳಗಿರುವುದು ಹನ್ನೊಂದು ಖಾಲಿ ತೋಟಾ. ಒಂಬತ್ತು ನಮ್ಮ ತಾತನ ಒಂಟಿ ನಳಿಗೆಯ ಕೋವಿಯವು. ಹನ್ನೆರಡು ಬೋರಿನ ಹಿತ್ತಾಳೆ ತೋಟಾಗಳು, ತುಂಬಿ ತುಂಬಿ, ಉಜ್ಜಿ ಉಜ್ಜಿ ಬಾಯಿ ಸವೆದಿವೆ. ಉಳಿದೆರಡು ಕಿರುಬೆರಳಿನ ಗಾತ್ರದವು, ತಳದಲ್ಲಿ .405 ಎಂಬ ಅಂಕಿ. ಕೊಡಗಿನ ಕಡೆಯಿಂದ ಬರುತ್ತಿದ್ದ ಕಾಫಿ ತೋಟದ ಸಾಹುಕಾರರೊಬ್ಬರ ವಿಂಚೆಸ್ಟರ್ ರೈಫಲ್ಲಿನ ತೋಟಾಗಳು ಅವು. ತಾತ ಅವರಿಗೆ ಜಾಡು ತೋರಿಸುತ್ತಿದ್ದ.

ಆ ಎರಡು ಕೋವಿಗಳೂ ಈಗ ಇಲ್ಲ. ಅವನ್ನು ಹೊತ್ತು ನಡೆದ ಕಾಕನಕೋಟೆಯ ಕಾಡಿನ ಒಂದು ದೊಡ್ಡ ಪಾಲು ಕಬಿನಿಯ ನೀರಿನಡಿ ಮಲಗಿದೆ. ಬೇಟೆ ಮತ್ತೆ ಬರಲಿ ಎಂದು ನಾನು ಹಂಬಲಿಸುತ್ತಿಲ್ಲ. ಅದು ಬರಲೇಬಾರದು. ಆದರೆ ಬೇಟೆಯ ಜೊತೆಗೇ ಹೋದ ಒಂದು ವಿದ್ಯೆಯಿದೆ, ಒಂದು ಲೆಕ್ಕವಿದೆ. ಅದಕ್ಕಾಗಿ ನನ್ನ ಜೀವ ಇಂದಿಗೂ ಮರುಗುತ್ತದೆ.

ಹೊಲದಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಹಂದಿಗಳ ಕಾಟ ಶುರುವಾಗುತ್ತಿತ್ತು. ಆಗ ತಾತ ತೋಟಾ ತುಂಬಲು ಕೂರುತ್ತಿದ್ದ. ಅದು ಹಗಲಿನ ಕೆಲಸ. ಲಾಂದ್ರ ಹಚ್ಚುವ ಹೊತ್ತಿಗೆ ಎಲ್ಲವೂ ಮುಗಿದು ಮದ್ದಿನ ಡಬ್ಬಿ ಒಳಗೆ ಸೇರಿರಬೇಕು. ಅಷ್ಟು ಹೊತ್ತೂ ಬೀಡಿ ಸೇದುವವರು ಯಾರೂ ನಮ್ಮ ಜಗಲಿ ಹತ್ತುವಂತಿರಲಿಲ್ಲ. ಹಿಂದಿನ ದಿನವೇ ಅಜ್ಜಿ ಖಾಲಿ ತೋಟಾಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟಿರುತ್ತಿದ್ದಳು. ದೀಪದ ಕಂಬ ಬೆಳಗಿದ ಕೈಯೇ ತೋಟಾವನ್ನೂ ಬೆಳಗುತ್ತಿತ್ತು. ತಾತ ಸುಟ್ಟುಹೋದ ಕೇಪನ್ನು ಮೊಳೆಯಿಂದ ಹೊರಗೆ ತಳ್ಳಿ ಹೊಸ ಕೇಪು ಕೂರಿಸುವನು. ಬಿದಿರಿನ ಪುಟ್ಟ ಅಳತೆಯಲ್ಲಿ ಮದ್ದು, ಮೇಲೆ ಹಳೆಯ ಕಂಬಳಿಯಿಂದ ಕತ್ತರಿಸಿದ ಬಿಲ್ಲೆ, ಅದರ ಮೇಲೆ ಚರೆ, ಕೊನೆಗೆ ರಟ್ಟಿನ ಬಿಲ್ಲೆ. ಬಾಯಿಗೆ ಜೇನುಮೇಣ ಕರಗಿಸಿ ಮೊಹರು. ಆ ಮೇಣವನ್ನು ಹಾಡಿಯ ಜೇನುಕುರುಬರು ರಾಗಿಗೆ ಬದಲಾಗಿ ಕೊಡುತ್ತಿದ್ದರು. ದಪ್ಪ ಚರೆ ತುಂಬಿದ ಎಲ್‌ಜಿ ತೋಟಾಕ್ಕೆ ಕುಂಕುಮದ ಬೊಟ್ಟು, ಸಣ್ಣ ಚರೆಯದಕ್ಕೆ ಸುಣ್ಣದ ಬೊಟ್ಟು. ಕತ್ತಲಲ್ಲಿ ಬೆರಳಿಗೆ ಸಿಕ್ಕಿದ್ದು ಯಾವುದೆಂದು ತಿಳಿಯಲು ಎಲ್‌ಜಿಯ ಮೇಣದ ಮೇಲೆ ಉಗುರಿನಿಂದ ಒಂದು ಗೀರನ್ನೂ ಹಾಕುತ್ತಿದ್ದ.

ಒಂದು ಮಧ್ಯಾಹ್ನಕ್ಕೆ ಆರು ತೋಟಾ ಆದರೆ ಹೆಚ್ಚು. ಮದ್ದು, ಕೇಪು, ಚರೆ ಎಲ್ಲವೂ ಮೈಸೂರಿನ ಲೈಸೆನ್ಸುಳ್ಳ ಅಂಗಡಿಯಿಂದ ಪುಸ್ತಕದಲ್ಲಿ ಬರೆಸಿಕೊಂಡು ತಂದದ್ದು. ಕೈತಪ್ಪಿದರೆ ಮತ್ತೊಂದು ಪ್ರಯಾಣ. ನಾನು ಹತ್ತಿರ ಕೂತು ಬಿಲ್ಲೆ ಎತ್ತಿಕೊಡುತ್ತಿದ್ದೆ. "ಕೊಂಡ್ಕೊಂಡೋನು ಢಂ ಅನ್ನಿಸ್ಬುಡ್ತಾನೆ ಕಣ್ಲಾ. ತುಂಬ್ದೋನು ಮಾತ್ರ ಯೋಚ್ನೆ ಮಾಡ್ತಾನೆ" ಎಂದು ತಾತ ಹೇಳುತ್ತಿದ್ದ. ಕಾಡಿನ ನೀತಿಯ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಈ ಎರಡು ಮಾತಿನೊಳಗೇ ಇತ್ತು.

ಸಾಹುಕಾರರು ಬರುತ್ತಿದ್ದುದು ಒಕ್ಕಣೆ ಮುಗಿದ ಮೇಲೆ, ಅರಣ್ಯ ಇಲಾಖೆಯ ಪರ್ಮಿಟ್ಟು ಜೇಬಿನಲ್ಲಿಟ್ಟುಕೊಂಡು. ಅವರ ವಿಂಚೆಸ್ಟರ್ 1895ರ ಮಾದರಿಯದು. ಕುದುರೆಯ ಕೆಳಗೆ ಬಳೆಯಂಥ ಒಂದು ಲಿವರ್. ಅದನ್ನು ಕೆಳಕ್ಕೆ, ಮುಂದಕ್ಕೆ ತಳ್ಳಿದರೆ ಸುಟ್ಟ ತೋಟಾ ಮೇಲಿನಿಂದ ಹಾರುತ್ತದೆ. ಹಿಂದಕ್ಕೆ ಎಳೆದರೆ ಹೊಸತು ನಳಿಗೆಯೊಳಗೆ ಹೋಗಿ ಕೂರುತ್ತದೆ. ಹಿಡಿ ಹೆಗಲಿನಿಂದ ಅಲುಗುವುದಿಲ್ಲ, ಕಣ್ಣು ಗುರಿಯಿಂದ ಕದಲುವುದಿಲ್ಲ. ಎಣ್ಣೆ ಕುಡಿದ ಉಕ್ಕು ಉಕ್ಕಿನ ಮೇಲೆ ಜಾರುವ ಸದ್ದು, ಕ್ಳಕ್ ಕ್ಳಕ್ ಎಂದು, ಐವತ್ತೈದು ವರ್ಷದ ಮೇಲೂ ನನ್ನ ಕಿವಿಯಲ್ಲಿದೆ. ಲಿವರ್ ಇಳಿದಾಗ ಹೊಟ್ಟೆ ತೆರೆದು ಒಳಗಿನ ಯಂತ್ರವೆಲ್ಲ ಕಾಣುತ್ತಿತ್ತು. ತಾತ ಅದನ್ನು 'ಬಾಯಿ ತೆಗೆಯೋ ಕೋವಿ' ಎನ್ನುತ್ತಿದ್ದ.

ಆ ರೈಫಲ್ಲನ್ನು ರೂಪಿಸಿದವರು ಅಮೆರಿಕದ ಜಾನ್ ಬ್ರೌನಿಂಗ್. ಅದಕ್ಕೂ ಮುಂಚಿನ ಹೆಚ್ಚಿನ ಲಿವರ್ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯಡಿಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತಿದ್ದವು. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ತಾಗುತ್ತಿದ್ದುದರಿಂದ ಚೂಪು ಗುಂಡು ಹಾಕುವಂತಿರಲಿಲ್ಲ. ಬ್ರೌನಿಂಗ್ ತೋಟಾಗಳನ್ನು ಒಂದರ ಮೇಲೊಂದು ಪೇರಿಸುವ ಪೆಟ್ಟಿಗೆ ಮಾಡಿ ಆ ತೊಡಕು ಬಿಡಿಸಿದರು. 1904ರಲ್ಲಿ ಇದಕ್ಕೆಂದೇ .405 ತೋಟಾ ಬಂತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಅವರ ಜೊತೆ ಇದೂ ಇತ್ತು. ನಮ್ಮಲ್ಲಿ ಸೈನ್ಯ ಬಳಸುತ್ತಿದ್ದ .303ರಂಥ ಬೋರು ಜನಸಾಮಾನ್ಯರಿಗೆ ನಿಷಿದ್ಧ. ಇಂಗ್ಲೆಂಡಿನ ಜೋಡುನಳಿಗೆ ರೈಫಲ್ಲು ರಾಜರಿಗೂ ದೊಡ್ಡ ಸಾಹೇಬರಿಗೂ ಮಾತ್ರ ಎಟುಕುವಂಥದ್ದು. ಅವೆರಡರ ನಡುವೆ ಸಿಕ್ಕಿದವರಿಗೆ ವಿಂಚೆಸ್ಟರ್ ದಕ್ಕುತ್ತಿತ್ತು.

ಕನ್ನಡದ ಓದುಗರಿಗೆ ಈ ಕೋವಿ ಅಪರಿಚಿತವಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು ಇದೇ .405 ವಿಂಚೆಸ್ಟರ್. ಅವರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕತೆಗಳು' ಮಾಲಿಕೆಯಲ್ಲಿ ಕನ್ನಡಕ್ಕೆ ತಂದಾಗ, ಕೋವಿಯನ್ನೇ ಮುಟ್ಟದ ಲಕ್ಷಾಂತರ ಹುಡುಗರು ಆ ರೈಫಲ್ಲಿನ ಜೊತೆ ರಾತ್ರಿಯಿಡೀ ಮರದ ಮೇಲೆ ಕೂತರು. ನಾನು ಆ ಪುಸ್ತಕಗಳನ್ನು ಓದುವಾಗಲೆಲ್ಲ ಸಾಹುಕಾರರ ಲಿವರಿನ ಸದ್ದು ಕೇಳುತ್ತಿತ್ತು. ಸಾಹುಕಾರರೂ ತಾತನಂತೆ ತೋಟಾವನ್ನು ತಾವೇ ತುಂಬುತ್ತಿದ್ದರು. ವಿದೇಶಿ ವಿನಿಮಯದ ಬಿಗಿ ಬಂದ ಮೇಲೆ ಹೊರದೇಶದ ತೋಟಾ ಸಿಗುವುದು ಕಷ್ಟವಾಯಿತು. ಖಡಕಿಯ ಸರ್ಕಾರಿ ಕಾರ್ಖಾನೆಯಿಂದ ಹನ್ನೆರಡು ಬೋರಿನ 'ಶಕ್ತಿಮಾನ್' ತೋಟಾ ಬರುತ್ತಿತ್ತು, .405 ಅಲ್ಲ. ಹಾಗಾಗಿ ಸೀಸ ಕರಗಿಸಿ ಅಚ್ಚಿಗೆ ಎರೆದು, ಇಕ್ಕಳದಂಥ ಉಪಕರಣದಲ್ಲಿ ಹಳೆಯ ತೋಟಾವನ್ನೇ ಒತ್ತಿ ಸರಿಮಾಡಿ, ಮತ್ತೆ ತುಂಬಬೇಕು. ಈಡು ಹೊಡೆದ ಮೇಲೆ ಅವರು ಮೊದಲು ಹುಡುಕುತ್ತಿದ್ದುದು ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾವನ್ನು. ನನ್ನ ಡಬ್ಬಿಯಲ್ಲಿರುವ ಎರಡು, ಬಾಯಿ ಸೀಳಿ ಇನ್ನು ತುಂಬಲಾಗದು ಎಂದು ಅವರು ನನ್ನ ಕೈಗೆ ಹಾಕಿದವು.

ಇಂಥ ಕೋವಿ ಹಿಡಿದವರು ಕಾಡಿಗೆ ಕಾಲಿನಲ್ಲೇ ಹೋಗಬೇಕಿತ್ತು. ಮುಂದೆ ಒಬ್ಬ ಜೇನುಕುರುಬ, ಅವನ ಹಿಂದೆ ತಾತ, ಆಮೇಲೆ ಸಾಹುಕಾರರು. ಜೇನುಕುರುಬ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ. ಆಗಾಗ ಒಂದು ಚಿಟಿಕೆ ಉದುರಿಸಿ ಗಾಳಿಯ ದಿಕ್ಕು ನೋಡುವನು. ಹಡ್ಲಿನ, ಅಂದರೆ ಕಾಡಿನೊಳಗಿನ ಜೌಗು ಬಯಲಿನ, ಕೆಸರಿನಲ್ಲಿ ಕಡವೆಯ ಗೊರಸಿನ ಗುರುತು ಕಂಡರೆ ಅಂಚು ಮುಟ್ಟಿ, ರಾತ್ರಿಯದೋ ಬೆಳಗಿನದೋ ಎಂದು ಹೇಳುವನು. ಲಂಗೂರ ಕೂಗಿದ ರೀತಿಯಲ್ಲೇ ಅದು ಹುಲಿ ಕಂಡಿತೋ ಮನುಷ್ಯನನ್ನು ಕಂಡಿತೋ ತಿಳಿಯುತ್ತಿತ್ತು. ಮೂರು ದಿನ ನಡೆದು ಒಂದೂ ಈಡು ಹೊಡೆಯದೆ ಬಂದದ್ದೇ ಹೆಚ್ಚು. ಮರಿಯಿದ್ದ ಹೆಣ್ಣನ್ನು ಹೊಡೆಯುವಂತಿಲ್ಲ, ನೀರು ಕುಡಿಯುತ್ತಿರುವುದನ್ನು ಹೊಡೆಯುವಂತಿಲ್ಲ, ಪೆಟ್ಟು ತಿಂದದ್ದನ್ನು ಬಿಟ್ಟು ಬರುವಂತಿಲ್ಲ. ಇವು ಯಾವ ಪುಸ್ತಕದಲ್ಲೂ ಬರೆದ ಕಟ್ಟಳೆಗಳಲ್ಲ. ಎಣಿಸಿದಂತೆ ಆರೇ ತೋಟಾ ಇದ್ದವನಿಗೆ ಅವನ್ನು ಪಾಲಿಸುವುದು ಸುಲಭವಾಗಿತ್ತು.

ನಮ್ಮ ಸೀಮೆಯ ಬೇಟೆಯೆಲ್ಲ ಹೀಗೇ ಇತ್ತು ಎಂದರೆ ಸುಳ್ಳಾಗುತ್ತದೆ. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯಿತ್ತು. ವೈಸ್‌ರಾಯ್‌ಗಳು ಬರುತ್ತಿದ್ದರು. ಮೈಸೂರಿನ ವಾನ್ ಇಂಗೆನ್ ಸಂಸ್ಥೆ 1900ರಿಂದ 1999ರವರೆಗೆ ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತಿಕೆ ಕೊಡುವ ಕೆಲಸದಲ್ಲಿ ಜಗತ್ತಿಗೇ ಹೆಸರಾಗಿತ್ತು. ಅಲ್ಲಿ ಹದವಾದ ಹುಲಿ ಚಿರತೆಗಳ ಲೆಕ್ಕ ಹತ್ತಾರು ಸಾವಿರ. ಆ ಒಂದು ಅಂಕಿ ಸಾಕು, ಬೇಟೆಯನ್ನು ಹೊಗಳುವ ಬಾಯಿ ಕಟ್ಟಲು.

ಆದರೂ ನನ್ನ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಕೋವಿಯ ವಿದ್ಯೆಗೆ ಮೊದಲ ಪೆಟ್ಟು ಕೊಟ್ಟದ್ದು ಜೀಪು. ಅರವತ್ತರ ದಶಕದಲ್ಲಿ ಹೆಡ್‌ಲೈಟು, ಸರ್ಚ್‌ಲೈಟು, ಪೆಟ್ಟಿಗೆಗಟ್ಟಲೆ ಕಾರ್ಖಾನೆಯ ತೋಟಾ ಹೊತ್ತ ಜೀಪುಗಳು ಕಾಡಿನ ದಾರಿಗೆ ಇಳಿದವು. ಬೆಳಕಿಗೆ ಕಣ್ಣು ಕೋರೈಸಿ ನಿಂತ ಜಿಂಕೆಗೆ ಕೂತಲ್ಲಿಂದಲೇ ಗುಂಡು. ಬಿದ್ದದ್ದನ್ನು ಹೇರಿಕೊಂಡರು, ಕುಂಟಿಕೊಂಡು ಓಡಿದ್ದರ ಹಿಂದೆ ಯಾರೂ ಹೋಗಲಿಲ್ಲ. ಬೆಳಿಗ್ಗೆ ಹೊಲದ ಅಂಚಿನಲ್ಲಿ ದವಡೆ ಹಾರಿದ ಕಡವೆಯೊಂದು ನಿಂತಿದ್ದನ್ನು ತಾತ ನೋಡಿ ಬಂದ. ಅದನ್ನು ಮುಗಿಸಲು ಕುಂಕುಮದ ಬೊಟ್ಟಿನ ಒಂದು ತೋಟಾ ಖರ್ಚಾಯಿತು. ಆ ಮಾಂಸವನ್ನು ಮನೆಗೆ ತರಗೊಡಲಿಲ್ಲ. ಆ ವರ್ಷ ಸಾಹುಕಾರರ ಜೊತೆಗೂ ಅವನು ಕಾಡಿಗೆ ಹೋಗಲಿಲ್ಲ. 1970ರಲ್ಲಿ ಹುಲಿ ಬೇಟೆ ನಿಂತಿತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಾನೂನು ಬರುವ ಹೊತ್ತಿಗೆ ಬೇಟೆಯ ಮರ್ಯಾದೆ ಆಗಲೇ ಸತ್ತುಹೋಗಿತ್ತು. ಕಾಯ್ದೆ ಅದಕ್ಕೆ ಸಂಸ್ಕಾರ ಮಾಡಿತು, ಅಷ್ಟೇ.

ತಾತನ ಹಿತ್ತಾಳೆ ತೋಟಾಗಳು ಕೊನೆಯ ಸಲ ಒಟ್ಟಿಗೆ ತುಂಬಿದ್ದು 1971ರಲ್ಲಿ, ಕಾಡಾನೆಗಳನ್ನು ಅಟ್ಟಿ ಹಿಡಿಯುವ ಕಾಕನಕೋಟೆಯ ಕೊನೆಯ ಖೆಡ್ಡಾಕ್ಕೆ. ಆನೆ ಹಿಡಿಯಲು ಹೊರಟ ಹೈದರಾಲಿ ಈ ಕಾಡಿನಲ್ಲಿ ಸೋತು, ಇನ್ನು ಯಾರಿಂದಲೂ ಆಗದು ಎಂದು ಕಲ್ಲಿನಲ್ಲಿ ಶಾಪ ಬರೆಸಿದ್ದನಂತೆ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರ ತಮ್ಮ ಪುಸ್ತಕದಲ್ಲಿ ಆ ಕಲ್ಲಿನ ಸಂಗತಿ ಹೇಳಿದ್ದಾರೆ. ಮುಂದೆ ಖೆಡ್ಡಾ ಈ ಊರಿನ ಹೆಸರನ್ನೇ ಲೋಕಕ್ಕೆ ತಿಳಿಸಿತು. ಸೋವಿನ ಸಾಲಿನಲ್ಲಿ ಆನೆಗಳು ಹಿಂದಿರುಗದಂತೆ ತಮಟೆ, ಪಂಜು, ಕೋವಿಯ ಸದ್ದು ಬೇಕು. ತಾತ ಚರೆಯಿಲ್ಲದೆ ಬರೀ ಮದ್ದಿನ ತೋಟಾ ತುಂಬಿದ. ಬಿಲ್ಲೆ ಎತ್ತಿಕೊಟ್ಟವನು ನಾನೇ, ಹದಿಮೂರರ ಹುಡುಗ. ಕೊಲ್ಲದ ಈಡುಗಳನ್ನು ಹಾರಿಸಿ ಮನೆಗೆ ಬಂದ ತಾತ ಕೋವಿ ಒರೆಸಿ ಎಣ್ಣೆ ಹಚ್ಚಿ ಗೋಡೆಗೆ ತೂಗುಹಾಕಿದ. ಮೂರು ವರ್ಷದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದು ಆನೆಗಳು ಈಜಿದ ಮಡುವೂ, ಮಾಸ್ತಿಗುಡಿಯ ಬಯಲೂ, ತಾತನ ಜಾಡುಗಳೂ ನೀರಿನ ಪಾಲಾದವು.

ಆಮೇಲೆ ಕೋವಿಯ ಬದುಕು ಕಾಗದದ್ದು. ಲೈಸೆನ್ಸು ನವೀಕರಣ, ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿ, ಆಯುಧಪೂಜೆಗೆ ಒಂದು ದಾಸವಾಳ. ತಾತ ತೀರಿಕೊಂಡ ಮೇಲೆ ಅಪ್ಪ ತನ್ನ ಹೆಸರಿಗೆ ಮಾಡಿಸಿಕೊಂಡ. ಅಪ್ಪನ ನಂತರ ನಾನು ಓಡಾಡಲಾಗದೆ ಒಪ್ಪಿಸಿಬಿಟ್ಟೆ. ಸಾಹುಕಾರರ ವಿಂಚೆಸ್ಟರ್ ಕೂಡ ತೋಟಾ ಸಿಗದೆ ಬೀರುವಿನಲ್ಲಿ ನಿಂತು, ಕೊನೆಗೆ ಯಾರಿಗೋ ಮಾರಾಟವಾಯಿತು ಎಂದು ಕೇಳಿದೆ.

ಕಾಡು ಉಳಿಯಿತು. 1999ರಲ್ಲಿ ಕಾಕನಕೋಟೆಯನ್ನೂ ಒಳಗೊಂಡ ನಾಗರಹೊಳೆ ಹುಲಿ ಮೀಸಲಾಯಿತು. ಕೋವಿಯೇ ಮನೆದೇವರಾದ ಕೊಡಗಿನ ಮಣ್ಣಿನಲ್ಲಿ ಹುಟ್ಟಿದ ಕೆ. ಎಂ. ಚಿಣ್ಣಪ್ಪ ಅದೇ ಕಾಡನ್ನು ಕಳ್ಳಬೇಟೆಯಿಂದ ಕಾಯಲು ಬದುಕು ಸವೆಸಿದರು. ಚಿಕ್ಕಂದಿನಲ್ಲೇ ಹುಲಿ ಹೊಡೆದಿದ್ದ ಕರ್ನಲ್ ವೇಕ್‌ಫೀಲ್ಡ್ ಕಾರಾಪುರದಲ್ಲಿ ಕಾಡು ತೋರಿಸುವ ಹಿರಿಯರಾಗಿ 2010ರಲ್ಲಿ ಕಣ್ಣು ಮುಚ್ಚಿದರು. ತೇಜಸ್ವಿ ಕೋವಿ ಹಿಡಿದ ಕೈಯಲ್ಲಿ ಕ್ಯಾಮೆರಾ ಹಿಡಿದರು. ಕೋವಿಯ ಕಾಲದ ಕಣ್ಣು ಕಿವಿಗಳು ಕಾಡು ಕಾಯಲೂ ಒದಗಿದವು ಎಂಬುದಕ್ಕೆ ಇವರೇ ಸಾಕ್ಷಿ. ಇಂದು ನಮ್ಮ ಹೊಲದಂಚಿನಲ್ಲಿ ಸೋಲಾರ್ ಬೇಲಿಯಿದೆ, ಅಲ್ಲಲ್ಲಿ ರೈಲು ಕಂಬಿಯ ತಡೆಯಿದೆ. ಕದ್ದು ಒಡ್ಡಿದ ಉರುಳೂ ಇದೆ, ಸಿಡಿಮದ್ದಿನ ಉಂಡೆಯೂ ಇದೆ. ಉರುಳಿಗೆ ಹಂದಿ, ಹುಲಿ, ಗಬ್ಬದ ಜಿಂಕೆ ಎಲ್ಲವೂ ಒಂದೇ. ಅದನ್ನು ಒಡ್ಡಿದವನು ರಾತ್ರಿ ಮನೆಯಲ್ಲಿ ಮಲಗಿರುತ್ತಾನೆ. ಕೈಯಿಂದ ತೋಟಾ ತುಂಬಿ ಎದುರು ನಿಲ್ಲುತ್ತಿದ್ದವನ ಲೆಕ್ಕ ಅಲ್ಲಿಲ್ಲ.

ನಿಮ್ಮ ಮನೆಯಲ್ಲಿ ಕೋವಿ ಹಿಡಿದಿದ್ದ ಹಿರಿಯರು ಇನ್ನೂ ಇದ್ದರೆ, ಹಾಡಿಯಲ್ಲಿ ಜಾಡು ಓದಬಲ್ಲ ಮುದುಕರು ಉಳಿದಿದ್ದರೆ, ಅವರ ಹತ್ತಿರ ಕೂರಿ. ಗಾಳಿ ನೋಡುತ್ತಿದ್ದುದು ಹೇಗೆ, ಯಾವ ಹಡ್ಲಿಗೆ ಯಾವ ಹೆಸರು, ಯಾವುದನ್ನು ಹೊಡೆಯುತ್ತಿರಲಿಲ್ಲ, ಏಕೆ, ಇಷ್ಟನ್ನಾದರೂ ಕೇಳಿ ಬರೆದಿಡಿ. ನಾನು ಬಿಲ್ಲೆ ಎತ್ತಿಕೊಡುತ್ತ ಕೂತಿದ್ದೆ, ಕೇಳಲಿಲ್ಲ. ನೀರಿನಡಿ ಹೋದ ತಾತನ ಹಡ್ಲುಗಳಲ್ಲಿ ಒಂದರ ಹೆಸರೂ ನನಗೆ ಗೊತ್ತಿಲ್ಲ.