ಇರ್ವಿನ್ ರಸ್ತೆಯಲ್ಲಿ ಗೌಹರ್ ಜಾನ್

ಕಳೆದ ಡಿಸೆಂಬರ್‌ನಲ್ಲಿ ನಾನು ಮೈಸೂರಿಗೆ ಹೋಗಿದ್ದು ಅರಮನೆ ನೋಡೋದಕ್ಕಲ್ಲ. ನಮ್ಮ ಸೋದರತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ಹದಿನೈದು ದಿನ ಅವರ ಜೊತೆ ಇರೋ ಸರದಿ ನನ್ನ ಪಾಲಿಗೆ ಬಂತು. 81 ವರ್ಷದ ಅತ್ತೆ ಆಪರೇಷನ್ ಆದ ಮೂರನೇ ದಿನ ಕೇಳಿದ್ದು ಕನ್ನಡಿ, ಬಾಚಣಿಗೆ ಮತ್ತು ತಮ್ಮ ಹವಳದ ಓಲೆ. "ಇಲ್ಲಿ ಯಾರು ನೋಡ್ತಾರೆ ಅತ್ತೆ?" ಅಂದೆ. "ನಾನು ನೋಡ್ಕೋತೀನಲ್ಲ" ಅಂದರು.

ನಮ್ಮ ಮನೆಯಲ್ಲಿ ಅವರಿಗೆ 'ಶೋಕಿ ಅತ್ತೆ' ಅಂತಲೇ ಹೆಸರು. ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ಆ ಕಾಲದಲ್ಲೇ ಕಪ್ಪು ಕನ್ನಡಕ ಹಾಕಿ, ಸೆರಗಿಗೆ ಬ್ರೋಚ್ ಚುಚ್ಚಿ ಸೈಕಲ್ ತುಳಿದವರು. ಅವರ ಕಂಠ ಎಷ್ಟು ಚೆನ್ನಾಗಿತ್ತು ಅಂತ ಮನೆಯಲ್ಲಿ ಒಬ್ಬರೂ ಹೇಳಿದ್ದು ನನಗೆ ನೆನಪಿಲ್ಲ. ಬ್ಲೌಸಿನ ತೋಳು ಎಷ್ಟು ಗಿಡ್ಡ ಅನ್ನೋದನ್ನ ಮಾತ್ರ ಎಲ್ಲರೂ ಹೇಳಿದ್ದಾರೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಒಂದು ಬೆಳಗ್ಗೆ ಅತ್ತೆ ಅಂದರು: "ನನ್ನ ಮುಖ ನೋಡ್ತಾ ಕೂರಬೇಡ. ಕೆ.ಆರ್. ಆಸ್ಪತ್ರೆ ಕಡೆ ನಡ್ಕೊಂಡು ಹೋಗಿ ಬಾ. ಗೌಹರ್ ಜಾನ್ ತೀರಿಕೊಂಡಿದ್ದು ಅಲ್ಲೇ."

ಗೌಹರ್ ಜಾನ್ ಕಲ್ಕತ್ತದವಳಲ್ಲವಾ? ನನಗಿದ್ದ ತಿಳಿವಳಿಕೆ ಅಷ್ಟೇ. ದೇವರಾಜ ಮಾರುಕಟ್ಟೆಯಲ್ಲಿ ಮೈಸೂರು ಮಲ್ಲಿಗೆ ಒಂದು ಮೊಳ ತಗೊಂಡು (ಅತ್ತೆಯ ಆರ್ಡರ್), ಸಯ್ಯಾಜಿರಾವ್ ರಸ್ತೆ ಹಿಡಿದು, ಇರ್ವಿನ್ ರಸ್ತೆ ಸೇರೋ ಸರ್ಕಲ್ಲಿನವರೆಗೂ ಮೊಬೈಲಿನಲ್ಲಿ ಓದುತ್ತಲೇ ನಡೆದೆ. ಎರಡು ಸಲ ಸ್ಕೂಟರಿನವರ ಹತ್ತಿರ ಬೈಸಿಕೊಂಡೆ.

ಹುಟ್ಟಿದ್ದು 1873ರಲ್ಲಿ, ಉತ್ತರದ ಆಜಂಗಢದಲ್ಲಿ. ಆಗಿನ ಹೆಸರು ಏಂಜಲೀನಾ, ತಂದೆ ಅರ್ಮೇನಿಯನ್ ಮೂಲದವರು. ಮದುವೆ ಮುರಿದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್. ಆಮೇಲೆ ಕಲ್ಕತ್ತ. ಹಾಡು, ನೃತ್ಯ ಎರಡರಲ್ಲೂ ಹೆಸರಾದ ತವಾಯಫ್.

1902ರ ನವೆಂಬರ್. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಲಂಡನ್ನಿನಿಂದ ಯಂತ್ರ ಹೊತ್ತು ತಂದು ಕಲ್ಕತ್ತದ ಹೋಟೆಲ್ ಕೋಣೆಯಲ್ಲಿ ಕೂತಿದ್ದ. ಭಾರತದ ಮೊದಲ ರೆಕಾರ್ಡು ಗೌಹರಳದೇ ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಅದೇ ವಾರ ಇನ್ನಿಬ್ಬರು ಹುಡುಗಿಯರು ಅವಳಿಗಿಂತ ಮೊದಲೇ ಹಾಡಿದ್ದರು. ಆದರೆ ಯಂತ್ರವನ್ನು ಪಳಗಿಸಿದ್ದು ಗೌಹರ್. ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಳಗೆ ಬಾಯಿಟ್ಟು ಜೋರಾಗಿ ಹಾಡಬೇಕು, ಮೂರು ನಿಮಿಷಕ್ಕೆ ತಟ್ಟೆ ಮುಗಿದುಹೋಗುತ್ತದೆ. ಗಂಟೆಗಟ್ಟಲೆ ಹಾಡೋ ಖಯಾಲ್, ಠುಮ್ರಿಯನ್ನು ಅಷ್ಟರಲ್ಲಿ ಅರಳಿಸಿ ಮುಗಿಸಬೇಕು. ಮಡಿವಂತ ಉಸ್ತಾದರು ಹಿಂದೆ ಮುಂದೆ ನೋಡುತ್ತಿದ್ದಾಗ ಈಕೆ ಮಾಡಿ ತೋರಿಸಿದಳು. ಕೊನೆಗೆ ಇಂಗ್ಲಿಷಿನಲ್ಲಿ 'ಮೈ ನೇಮ್ ಈಸ್ ಗೌಹರ್ ಜಾನ್' ಅಂತ ಕೂಗುತ್ತಾಳೆ. ಜಂಬ ಅಂದುಕೊಂಡಿದ್ದೆ. ರೆಕಾರ್ಡು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಯಾವುದು ಯಾರ ತಟ್ಟೆ ಅಂತ ಗೊತ್ತಾಗಲಿ ಅಂತ ಹೆಸರು ಹೇಳಿಸುತ್ತಿದ್ದರಂತೆ. ಆದರೂ ಅವಳು ಹೇಳೋ ಧಾಟಿ ಕೇಳಿ, ಜಂಬ ಇಲ್ಲದೆ ಇಲ್ಲ!

ಉಡುಗೆಯ ವಿಷಯಕ್ಕೆ ಬರೋಣ. ಚಿನ್ನದ ಜರಿ ಕಸೂತಿಯ ತೆಳು ಕಪ್ಪು ಬಟ್ಟೆ ಉಟ್ಟು ಬಂದಿದ್ದನ್ನು ಗೈಸ್‌ಬರ್ಗ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಒಮ್ಮೆ ತೊಟ್ಟ ಒಡವೆಯನ್ನು ಇನ್ನೊಮ್ಮೆ ತೊಟ್ಟಿದ್ದು ಅವನು ಕಾಣಲಿಲ್ಲವಂತೆ. ಆಗಿನ ಫೋಟೋಗಳಲ್ಲಿ ಹೆಗಲ ಮೇಲೆ ಬ್ರೋಚ್, ಕೊರಳ ತುಂಬ ಸರ, ಕ್ಯಾಮೆರಾವನ್ನು ನೇರ ನೋಡೋ ಕಣ್ಣು. ಅವಳ ಚಿತ್ರ ಪೋಸ್ಟ್‌ಕಾರ್ಡಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಬಂತು. ಬೆಕ್ಕು ಮರಿ ಹಾಕಿದ್ದಕ್ಕೆ 20,000 ರೂಪಾಯಿ ಸುರಿದು ಔತಣ ಕೊಟ್ಟಳು ಅನ್ನೋ ಕಥೆಯಂತೂ ಇಂದಿಗೂ ಓಡಾಡುತ್ತಿದೆ. ನನಗೆ ಬೆಕ್ಕಿಗಿಂತ ಹೆಚ್ಚು ಅನ್ನಿಸಿದ್ದು ಬೇರೆ: ರೆಕಾರ್ಡಿಂಗಿಗೆ 3,000 ರೂಪಾಯಿ ಆಕೆ ಕೇಳಿದಳು, ಅವರು ಕೊಟ್ಟರು. ಆ ಜರಿ, ಆ ಹರಳು ಇಲ್ಲದೆ ಬರೀ ಬಿಳಿ ಸೀರೆಯಲ್ಲಿ ಹೋಗಿ ಕೂತಿದ್ದರೆ ಒಬ್ಬ ಹೆಂಗಸಿಗೆ ಅಷ್ಟು ಕೊಡುತ್ತಿದ್ದರಾ?

ಆಮೇಲೆ ಬಿತ್ತು ಹೊಡೆತ. ನಂಬಿ ಮದುವೆಯಾದ ಕಾರ್ಯದರ್ಶಿಯ ಜೊತೆ ಕೋರ್ಟು ವ್ಯಾಜ್ಯ, ಕರಗಿದ ಆಸ್ತಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ, ಇರೋದಕ್ಕೆ 'ದಿಲ್‌ಖುಷ್ ಕಾಟೇಜ್' ಅನ್ನೋ ಮನೆ. ಒಂದೂವರೆ ವರ್ಷವೂ ಆಗಲಿಲ್ಲ, 1930ರ ಜನವರಿ 17ರಂದು ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು.

ಆಸ್ಪತ್ರೆ ಎದುರು ನಿಂತೆ. ಹಳೇ ಕಟ್ಟಡ, ಅದರ ಮುಂದೆ ಆಟೋ ಸಾಲು, ಎಳನೀರು, ಬಾಳೆಹಣ್ಣು, ಟಿಫನ್ ಕ್ಯಾರಿಯರ್ ಹಿಡಿದು ಓಡೋ ಹೆಂಗಸರು. ನನ್ನ ಕೈಯಲ್ಲೂ ಒಂದು ಕ್ಯಾರಿಯರ್ ಇತ್ತು. ಯಾವ ವಾರ್ಡು, ಯಾವ ಕಿಟಕಿ ಅಂತ ಹುಡುಕೋದರಲ್ಲಿ ಅರ್ಥವಿರಲಿಲ್ಲ. ಆಟೋದವರೊಬ್ಬರನ್ನು ದಿಲ್‌ಖುಷ್ ಕಾಟೇಜ್ ಕೇಳಿದೆ. "ದಿಲ್‌ಖುಷ್ಷಾ? ಅದು ಬೇಕರೀಲಿ ಸಿಗತ್ತಲ್ಲ ಮೇಡಂ!" ಅಂದರು. ಪಾಪ, ತಮಾಷೆ ಮಾಡಲಿಲ್ಲ, ನಿಜವಾಗಿ ಬೇಕರಿಗೆ ಕರೆದೊಯ್ಯಲು ಸಿದ್ಧರಿದ್ದರು.

ಇದೇ ಊರಿನಲ್ಲಿ ಬಿಡಾರಂ ಕೃಷ್ಣಪ್ಪನವರ ರಾಮಮಂದಿರವಿದೆ, ಇವತ್ತಿಗೂ ಅಲ್ಲಿ ಕಛೇರಿ ನಡೆಯುತ್ತದೆ. ಅವರು ಆಸ್ಥಾನದಲ್ಲಿದ್ದ ಕಾಲದಲ್ಲೇ ಗೌಹರ್ ಬಂದಿದ್ದು. ಅವಳ ಹೆಸರಿನ ಒಂದು ಗೋರಿಯೂ ಈ ಊರಿನಲ್ಲಿ ಪತ್ತೆಯಾಗಿಲ್ಲ. ಅವಳ ಕೊನೆಯ ದಿನಗಳ ಕಾಗದಪತ್ರ ಅರಮನೆಯ ದಫ್ತರದಲ್ಲಿ ಉಳಿದಿತ್ತು. ಬೆಂಗಳೂರಿನ ವಿಕ್ರಮ್ ಸಂಪತ್ ಅದನ್ನು ಕಂಡು, ಬೆನ್ನು ಹತ್ತಿ, 2010ರಲ್ಲಿ ಆಕೆಯ ಜೀವನಚರಿತ್ರೆ ತಂದರು. ಇಲ್ಲದಿದ್ದರೆ ಅಷ್ಟೂ ಮುಚ್ಚಿಹೋಗುತ್ತಿತ್ತೋ ಏನೋ.

ವಾಪಸ್ಸು ಬಂದಾಗ ಅತ್ತೆ ಎದ್ದು ಕೂತಿದ್ದರು, ಓಲೆ ಹಾಕಿಕೊಂಡು. ಮಲ್ಲಿಗೆ ಮುಡಿಸಿದೆ. ಆಸ್ಪತ್ರೆಯ ಹಸಿರು ಗೌನಿಗೂ ಹವಳಕ್ಕೂ ಒಂದಿಷ್ಟೂ ಹೊಂದುತ್ತಿರಲಿಲ್ಲ, ಆದರೆ ನಾನು ನಗಲಿಲ್ಲ. ಮೊಬೈಲಿನಲ್ಲಿ ಹಳೇ ರೆಕಾರ್ಡೊಂದು ಹುಡುಕಿ ಅವರ ಕಿವಿ ಹತ್ತಿರ ಹಿಡಿದೆ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು, ಅದರೊಳಗಿಂದ ಚೂಪಾದ, ಎತ್ತರದ ದನಿ. ಅತ್ತೆ ಹೊದಿಕೆಯ ಮೇಲೆ ಎರಡು ಬೆರಳಲ್ಲಿ ತಾಳ ಹಾಕುತ್ತಾ ಕೇಳಿದರು. ಮುಗಿಯಿತು.

"ಇನ್ನೊಂದ್ಸಲ ಹಾಕು."

ಮೊದಲಿಂದ ಹಾಕಿದೆ. ಕೈ ಅಡ್ಡ ಹಿಡಿದರು. "ಹಾಡಲ್ಲ ಕಣೇ. ಕೊನೇಲಿ ಹೆಸರು ಹೇಳ್ತಾಳಲ್ಲ, ಅದು."