ಮರ ಯಾರದು?

ನಾನು ವರ್ಷಗಟ್ಟಲೆ ಕಲಿಸಿದ ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಡಾನ್ ಅನ್ಸೆಲ್ಮೊ ಎಂಬ ಮುದುಕನ ಕತೆಯೊಂದಿದೆ. ಬರೆದವರು ಜುವಾನ್ ಸೆಡಿಲ್ಲೊ. ಊರು ಅಮೆರಿಕದ ನ್ಯೂ ಮೆಕ್ಸಿಕೊ ಕಡೆಯ ರಿಯೊ ಎನ್ ಮೆದಿಯೊ. ಅಜ್ಜ ತನ್ನ ಮನೆ ಮತ್ತು ಎಂಟು ಎಕರೆ ಜಮೀನನ್ನು 1200 ಡಾಲರಿಗೆ ಮಾರಲು ಒಪ್ಪುತ್ತಾನೆ. ಅಳತೆ ಮಾಡಿಸಿದರೆ ಜಮೀನು ಹೆಚ್ಚುಕಡಿಮೆ ಎರಡರಷ್ಟಿದೆ. ಕೊಳ್ಳುವವರು ಹೆಚ್ಚಿಗೆ ದುಡ್ಡು ಕೊಡಲು ಬಂದರೆ ಅಜ್ಜನಿಗೆ ಅವಮಾನವಾದಂತಾಗುತ್ತದೆ. ಆಡಿದ ಮಾತು ಆಡಿದ್ದೇ. ಪತ್ರವಾಗಿ ಹೊಸಬರು ಬಂದು ಕೂತರೂ ಊರ ಮಕ್ಕಳು ಹಣ್ಣಿನ ತೋಟ ಬಿಟ್ಟು ಕದಲುವುದಿಲ್ಲ. ಕೇಳಿದರೆ ಅಜ್ಜ ಹೇಳುತ್ತಾನೆ: ಜಮೀನು ಮಾರಿದ್ದು ನಿಜ, ಮರ ಮಾರಿಲ್ಲ. ಊರಲ್ಲಿ ಮಗು ಹುಟ್ಟಿದಾಗೆಲ್ಲ ಆ ಮಗುವಿಗೆಂದು ಒಂದು ಮರ ನೆಟ್ಟಿದ್ದೇನೆ; ಅವು ಮಕ್ಕಳವು, ನಾನು ಮಾರುವುದು ಹೇಗೆ?

ಮೂಡಿಗೆರೆ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಪಾಠವನ್ನು ನಾನು ಮೊದಲು ಕೆಡಿಸಿಯೇ ಕಲಿಸಿದೆ. ತರಬೇತಿಯಲ್ಲಿ, ಪಾಠಗಳನ್ನು ಬಿಡಿಬಿಡಿಯಾಗಿ ಮಾಡಬೇಡಿ, ಒಂದು ಥೀಮ್ ಹಿಡಿದು ಕತೆ ಪದ್ಯಗಳನ್ನು ಒಟ್ಟಿಗೆ ಓದಿಸಿ ಎಂದಿದ್ದರು. ಒಳ್ಳೆಯ ಮಾತು. ನಾನು ಬಂದು ಬೋರ್ಡಿನ ಮೇಲೆ ‘ಪರಿಸರ’ ಎಂದು ಬರೆದೆ. ಡಾನ್ ಅನ್ಸೆಲ್ಮೊನ ಜೊತೆಗೆ, ನೆಲವೇ ಬಾಯಿಬಿಟ್ಟು ಮಾತಾಡುವ ‘ಐ ಆ್ಯಮ್ ದಿ ಲ್ಯಾಂಡ್’ ಪದ್ಯವನ್ನೂ, ಮುದುಕಿಯಾದರೂ ಮರ ಹತ್ತುವ ರಸ್ಕಿನ್ ಬಾಂಡರ ಅಜ್ಜಿಯನ್ನೂ ಅದರ ಕೆಳಗೆ ಕೂರಿಸಿದೆ. ವಾರದ ಕೊನೆಗೆ ಬಂದ ನಲವತ್ತು ಉತ್ತರಗಳೂ ಒಂದೇ: ಮರ ಬೆಳೆಸಬೇಕು, ಕಾಡು ಉಳಿಸಬೇಕು. ಅಜ್ಜನ ಮಾನ, ಮಾತು, ಅವನ ಹಳೆಯ ಕೋಟು, ಊರೆಲ್ಲ ಅವನಿಗೆ ನೆಂಟರೇ ಆಗಿರುವ ಚಂದ, ಯಾವುದೂ ಅಲ್ಲಿರಲಿಲ್ಲ. ಕತೆ ಓದುವ ಮೊದಲೇ ಅದರ ಸಾರ ಹೇಳಿಬಿಟ್ಟರೆ ಓದುವುದಕ್ಕೆ ಇನ್ನೇನು ಉಳಿಯುತ್ತದೆ?

ಮುಂದಿನ ವರ್ಷ ‘ಪರಿಸರ’ ಅಳಿಸಿ, ‘ಮರ ಯಾರದು?’ ಎಂದು ಬರೆದೆ. ಕನ್ನಡದಲ್ಲೇ ಬರೆದೆ.

ಅವತ್ತು ಜೋರು ಮಳೆ. ಕಳಸದ ಹತ್ತಿರ ಹೆಬ್ಬಾಳೆ ಸೇತುವೆ ಮುಳುಗಿದೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ಹೆಂಚಿನ ಸದ್ದಿಗೆ ನನ್ನ ದನಿ ಹಿಂದಿನ ಬೆಂಚು ಮುಟ್ಟುತ್ತಿರಲಿಲ್ಲ, ಮಕ್ಕಳೇ ಎದ್ದು ಹತ್ತಿರ ಬಂದು ಕೂತರು. ಎರಡೆಕರೆ ತೋಟದವರ ಹುಡುಗ ಮೊದಲು ಬಾಯಿಬಿಟ್ಟ. “ಸಾರ್, ನಮ್ಮ ತೋಟದಲ್ಲಿ ಬೀಟೆ ಮರ ಐತೆ. ಜಾಗ ನಮ್ದು, ಮರ ನಮ್ದಲ್ಲ. ಕಡೀಬೇಕಂದ್ರೆ ಫಾರೆಸ್ಟ್‌ನೋರನ್ನ ಕೇಳ್ಬೇಕು.” ಡಾನ್ ಅನ್ಸೆಲ್ಮೊನ ತಿರುವುಮುರುವು ಕತೆ ಇವನ ಮನೆಯಲ್ಲೇ ಇತ್ತು! ನಾನು ಗಂಧದ ಮರದ ವಿಚಾರ ಹೇಳಿದೆ. ಟಿಪ್ಪುವಿನ ಕಾಲದಿಂದ ಅದು ದೊರೆಯ ಮರ. ರೈತನ ಹಿತ್ತಲಲ್ಲಿ ತಾನಾಗಿ ಹುಟ್ಟಿದರೂ ಸರ್ಕಾರದ್ದು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲಷ್ಟೇ ಜಮೀನಿನವನು ಗಂಧದ ಮರಕ್ಕೂ ಒಡೆಯನಾದ. ಅಲ್ಲಿಯವರೆಗೆ ಸಸಿ ಕಂಡರೆ ಕಿತ್ತೆಸೆಯುತ್ತಿದ್ದವರೂ ಇದ್ದರು ಎಂದೆ. ಮಕ್ಕಳು ನಕ್ಕರು, ಆಮೇಲೆ ಸುಮ್ಮನಾದರು.

ಆಗ ಎಸ್ಟೇಟಿನ ಕೂಲಿಗಳ ಲೈನಿನ ಮನೆಯ ಹುಡುಗಿ, ತರಗತಿಯಲ್ಲಿ ಅಪರೂಪಕ್ಕೂ ಮಾತಾಡದವಳು, ಎದ್ದು ನಿಂತಳು. “ನಮ್ಮಜ್ಜ ಎಸ್ಟೇಟಲ್ಲಿ ಸಿಲ್ವರ್ ಮರ ನೆಟ್ಟಿದ್ರು ಸಾರ್. ಈಗ ಅವಕ್ಕೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ನಮ್ಮಪ್ಪ ವರ್ಷ ವರ್ಷ ಹತ್ತಿ ಕೊಂಬೆ ಸವರಿ ಮರಗಸಿ ಮಾಡ್ತಾರೆ. ಆ ಮರ ಯಾರ್ದು?”

ಯಾವ ಗೈಡಿನಲ್ಲೂ ಇದಕ್ಕೆ ಉತ್ತರವಿಲ್ಲ. ಕಾಯಿದೆಯ ಉತ್ತರ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. 1961ರ ಭೂಸುಧಾರಣಾ ಕಾಯಿದೆಯ ಮಿತಿಯಿಂದ ಕಾಫಿ ತೋಟಗಳನ್ನು ಹೊರಗಿಟ್ಟಿದ್ದರಿಂದ, ಗದ್ದೆ ಗೇಯುತ್ತಿದ್ದ ಗೇಣಿದಾರನಿಗೆ ಎಪ್ಪತ್ತರ ದಶಕದಲ್ಲಿ ಸಿಕ್ಕಿದ ನೆಲ ಇವಳ ಅಜ್ಜನಂಥವರಿಗೆ ಸಿಗಲಿಲ್ಲ. ನಾನು ಅದನ್ನೆಲ್ಲ ಹೇಳಲಿಲ್ಲ. “ಡಾನ್ ಅನ್ಸೆಲ್ಮೊ ಏನಂತಾನೆ, ನೋಡು” ಎಂದೆ. ಅವಳು ಪುಸ್ತಕ ತೆರೆದು, ಆ ಪುಟ ಹುಡುಕಿ, ತಡವರಿಸುತ್ತ ಇಂಗ್ಲಿಷಿನಲ್ಲಿ ಅಜ್ಜನ ಮಾತು ಓದಿದಳು. ಅರ್ಥ ಕೇಳುವ ಪ್ರಮೇಯವೇ ಬರಲಿಲ್ಲ. ನಾನು ಕಂಡಂತೆ ಆ ಹುಡುಗಿ ತನಗೆ ಬೇಕಾಗಿ ಇಂಗ್ಲಿಷ್ ಓದಿದ್ದು ಅದೇ ಮೊದಲು.

‘ಐ ಆ್ಯಮ್ ದಿ ಲ್ಯಾಂಡ್’ ಪದ್ಯಕ್ಕೂ ಇದೇ ದಾರಿ ಸಿಕ್ಕಿತು. ಬೇಲಿ ಹಾಕಿ ನನ್ನದೆನ್ನುವವರನ್ನು ನೋಡುತ್ತ, ಕಾಯುತ್ತ ಕೂತಿರುವ ನೆಲ ಅದರಲ್ಲಿದೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆ, ತೋಟ, ಗದ್ದೆ ಕೊಚ್ಚಿಹೋದದ್ದನ್ನು ಆ ಮಕ್ಕಳು ಕಂಡಿದ್ದರು, ಇಲ್ಲವೇ ಮನೆಯವರಿಂದ ಕೇಳಿದ್ದರು. ನೆಲ ಮಾತಾಡುತ್ತದೆ ಎಂದರೆ ಅವರಿಗೆ ಅದು ಅಲಂಕಾರವಲ್ಲ.

ಇಂಗ್ಲಿಷ್ ತರಗತಿಯಲ್ಲಿ ಇಷ್ಟು ಕನ್ನಡವೇ ಎಂದು ಆಕ್ಷೇಪಿಸಿದವರುಂಟು. ಅವರಿಗೆ ನಮ್ಮ ಜಿಲ್ಲೆಯವರನ್ನೇ ತೋರಿಸುತ್ತೇನೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಮೊದಲು ಬರೆದದ್ದು ಇಂಗ್ಲಿಷ್ ಪದ್ಯ. ‘ಬಿಗಿನರ್ಸ್ ಮ್ಯೂಸ್’ ಪುಸ್ತಕ 1922ರದು. ಕನ್ನಡದಲ್ಲಿ ಬರೆ ಎಂದವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಬದುಕಿದ್ದು ಇದೇ ಮೂಡಿಗೆರೆಯಲ್ಲಿ. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಜಾಡು ವಿಜ್ಞಾನಿಗೆ ಸಿಗುವುದು ಹಳ್ಳಿಯ ಮಂದಣ್ಣನಿಂದ. ಗೊತ್ತಿರುವವನು ಯಾರು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಇಂಗ್ಲಿಷ್ ಪಾಠದ ಜೊತೆಗೂ ಅದನ್ನು ಓದಿ ಹೇಳಿದ್ದೇನೆ. ಹತ್ತನೇ ತರಗತಿಯ ಆ ಇಂಗ್ಲಿಷ್ ಪಠ್ಯದಲ್ಲೇ ಇರುವ ‘ಸಾಂಗ್ ಆಫ್ ಇಂಡಿಯಾ’ ಬರೆದವರು ನಮ್ಮ ವಿ. ಕೃ. ಗೋಕಾಕರು ಎಂದಾಗ ಮಕ್ಕಳ ಕಣ್ಣು ಅರಳಿದ್ದನ್ನೂ ನೋಡಿದ್ದೇನೆ. ತಾಯ್ನುಡಿಯಲ್ಲಿ ಯೋಚಿಸಿದ ಮಗುವೇ ಇನ್ನೊಂದು ನುಡಿಯಲ್ಲಿ ಹೇಳಲು ತಿಣುಕುತ್ತದೆ. ಆ ತಿಣುಕಾಟವೇ ಕಲಿಕೆ.

ಆ ವರ್ಷ ಆ ಹುಡುಗಿ ಪಾಠದ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದು ಐದೇ ಸಾಲು, ಅದರಲ್ಲಿ ಮೂರು ತಪ್ಪು. ಅಜ್ಜ ನೆಟ್ಟ ಮರಗಳನ್ನು ಅವಳು ಲೆಕ್ಕ ಹಾಕಿಕೊಂಡು ಬಂದಿದ್ದಳು. ನಲವತ್ತಾರು. ನಾನು ತಪ್ಪು ತಿದ್ದಿ ಪೂರ್ತಿ ಅಂಕ ಕೊಟ್ಟೆ.

ಕಾಫಿ ಕುಯ್ಲು ಶುರುವಾದರೆ ಈ ಮಕ್ಕಳಲ್ಲಿ ಎಷ್ಟೋ ಜನ ತರಗತಿಗೆ ಬರುವುದಿಲ್ಲ. ಆದ್ದರಿಂದ ಘಟ್ಟದ ನನ್ನ ಜೊತೆಯ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಕೇಳಿಕೊಳ್ಳುವುದಿಷ್ಟೆ: ಮಳೆಗಾಲ ಮುಗಿಯುವುದರೊಳಗೆ ಒಂದು ದಿನ ಗೈಡು ಮುಚ್ಚಿಟ್ಟು, ನಿಮ್ಮ ತರಗತಿಯಲ್ಲೂ ‘ಮರ ಯಾರದು?’ ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೂ, ತುಳುವಿನಲ್ಲಿ ಬಂದರೂ, ತಮಿಳಿನಲ್ಲಿ ಬಂದರೂ ಕೊನೆಯವರೆಗೆ ಕೇಳಿಸಿಕೊಳ್ಳಿ.