ದಾದಿಯ ಕತೆಗೊಂದು ವಿಳಾಸ

ನಮ್ಮ ದಾದಿಗೆ 81. ಅವರು ದಖನಿಯಲ್ಲಿ ಹೇಳುವ ಕತೆಗಳು ಎಲ್ಲೂ ಬರಹದಲ್ಲಿಲ್ಲ. ಪಾಡ್‌ಕಾಸ್ಟ್ ಮಾಡಲು ಹೊರಟಾಗ ಮೈಕ್ ಚಿಂತೆಯಾಗಲಿಲ್ಲ. ಫ್ಯಾನ್ ಆರಿಸಿದರೆ ಮೊಬೈಲೇ ಸಾಕು (ಸೆಕೆ ಎಂದು ದಾದಿ ಬೈಯುವುದೂ ರೆಕಾರ್ಡ್ ಆಗಿದೆ). ಕತ್ತರಿಸಿ ಜೋಡಿಸಲು ಉಚಿತ ಅಡಾಸಿಟಿ ಇದೆ. ಮೋನೋ, 64 ಕೆಬಿಪಿಎಸ್‌ನಲ್ಲಿ ಎಂಪಿ3 ಮಾಡಿದರೆ ಅರ್ಧ ಗಂಟೆಯ ಕತೆ ಸುಮಾರು 14 ಎಂಬಿ. ಮಾತಿಗೆ ಅಷ್ಟು ಧಾರಾಳ.

ತಲೆ ಕೆಡಿಸಿದ್ದು, ಇವನ್ನು ಇಡುವುದೆಲ್ಲಿ ಎಂಬುದು. ಗೂಗಲ್‌ನಂಥ ಕಂಪನಿಯೇ ತನ್ನ ಪಾಡ್‌ಕಾಸ್ಟ್ ಆಪನ್ನು 2024ರಲ್ಲಿ ಮುಚ್ಚಿತು. ಆದ್ದರಿಂದ ಪ್ರತಿ ಹೋಸ್ಟಿಂಗ್ ಸೇವೆಯಲ್ಲೂ ನಾನು ಹುಡುಕಿದ್ದು ಒಂದೇ: ನಾಳೆ ಜಾಗ ಬದಲಿಸಿದರೆ ಆರ್‌ಎಸ್‌ಎಸ್ ಫೀಡನ್ನು ಹೊಸ ವಿಳಾಸಕ್ಕೆ ತಿರುಗಿಸಲು ಬಿಡುತ್ತಾರೆಯೇ? ಹೊಸ ಕಂತು ಬಂದದ್ದು ಆಪ್‌ಗಳಿಗೆ ತಿಳಿಯುವುದು ಆ ಫೀಡಿನಿಂದ. ಅದು ತಪ್ಪಿದರೆ ಕೇಳುಗರೂ ತಪ್ಪುತ್ತಾರೆ. ಬಿಡುವಂಥ ಸೇವೆಯನ್ನೇ ಆರಿಸಿದೆ. ಮೂಲ ರೆಕಾರ್ಡಿಂಗ್‌ಗಳು ಮಾತ್ರ ಪೆನ್‌ಡ್ರೈವ್‌ನಲ್ಲಿ, ದಾದಿಯ ಬೀರುವಿನಲ್ಲೇ ಇವೆ.